ಒಂದು ಸಂಕಲನಕ್ಕಾಗಿ ಕಾದವರು: ಹೇಲೋ ಮಾಸ್ಟರ್ ಚೀಫ್ ಕಲೆಕ್ಷನ್ ಪ್ರಕರಣ

ಹಳೆಯ ಮಲ್ಟಿಪ್ಲೇಯರ್ ಆಟಗಳನ್ನೆಲ್ಲ ಒಟ್ಟು ಸೇರಿಸಿ ಮರಳಿ ತರುತ್ತೇವೆ ಎಂಬ ಘೋಷಣೆ ಬಂದರೆ ಸಾಕು, ಅಭಿಮಾನಿಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಯಾವ ಆಟ ಸೇರಿದೆ, ಯಾವ ಮ್ಯಾಪ್ ಬಿಟ್ಟುಹೋಗಿದೆ, ಚಿತ್ರ ಎಷ್ಟು ಚೊಕ್ಕವಾಗಿದೆ ಎಂದು ನೋಡುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಆಟಗಾರರನ್ನು ಒಬ್ಬರಿಗೊಬ್ಬರು ಕೂಡಿಸುವ ವ್ಯವಸ್ಥೆ (ಮ್ಯಾಚ್‌ಮೇಕಿಂಗ್) ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ವಿಚಾರಿಸುವವರು ಕಡಿಮೆ. ವಿಚಾರಿಸದೆ ಕಾದರೆ ಏನಾಗುತ್ತದೆ ಎಂಬುದನ್ನು, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕನ್ಸೋಲಿನ ಶೂಟಿಂಗ್ ಆಟಗಳ ಸಂಕಲನವಾಗಿ 2014ರಲ್ಲಿ ಬಂದ 'ಹೇಲೋ: ದ ಮಾಸ್ಟರ್ ಚೀಫ್ ಕಲೆಕ್ಷನ್' ಪ್ರಕರಣ ಎಳೆಎಳೆಯಾಗಿ ತೋರಿಸುತ್ತದೆ.

ಆಟದ ಹೆಸರು, ದಿನಾಂಕ, ಘಟನೆಗಳು ಬಹಿರಂಗವಾಗಿ ದಾಖಲಾದವು, ಅವನ್ನು ಮರೆಮಾಚಿಲ್ಲ. ಅಭಿಮಾನಿಗಳ ಮತ್ತು ಸ್ಟುಡಿಯೊದವರ ಹೆಸರುಗಳನ್ನು ಬಿಟ್ಟಿದೆ. ಯಾವ ಘಟ್ಟದಲ್ಲಿ ಯಾವ ತೀರ್ಮಾನವಾಯಿತು ಎಂಬುದನ್ನು ಹಿಂಬಾಲಿಸಲು ಹೆಸರುಗಳ ಅಗತ್ಯವಿಲ್ಲ.

ಹಿನ್ನೆಲೆ

ಮೊದಲ ಹೇಲೋ ಬಂದದ್ದು 2001ರ ನವೆಂಬರ್ 15ರಂದು, ಮೂಲ ಎಕ್ಸ್‌ಬಾಕ್ಸ್ ಜೊತೆಯಲ್ಲೇ. ಆಗ ಎಕ್ಸ್‌ಬಾಕ್ಸ್ ಲೈವ್ ಎಂಬ ಆನ್‌ಲೈನ್ ಸೇವೆ ಇನ್ನೂ ಇರಲಿಲ್ಲ. ನಾಲ್ಕು ಕನ್ಸೋಲ್‌ಗಳನ್ನು ಒಂದು ಹಬ್‌ಗೆ ಕೇಬಲ್ ಹಾಕಿ ಜೋಡಿಸಿ, ಪ್ರತಿ ಟಿವಿಯನ್ನು ನಾಲ್ಕು ಭಾಗ ಮಾಡಿಕೊಂಡು, ಒಟ್ಟು 16 ಜನ ಆಡಬಹುದಿತ್ತು. ದೂರದಲ್ಲಿದ್ದವರು ಆ ಲ್ಯಾನ್ (ಸ್ಥಳೀಯ ಜಾಲ) ಸಂಪರ್ಕವನ್ನೇ ಇಂಟರ್ನೆಟ್ ಮೂಲಕ ಹಾಯಿಸುವ ಟನೆಲಿಂಗ್ ತಂತ್ರಾಂಶಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ ಹೇಗೋ ಸಂಭಾಳಿಸುತ್ತಿದ್ದರು.

2004ರ ನವೆಂಬರ್ 9ರಂದು ಬಂದ ಹೇಲೋ 2 ಈ ಪರಿಸ್ಥಿತಿಯನ್ನು ಬದಲಿಸಿತು. ಗೆಳೆಯರೆಲ್ಲ ಒಂದು ಪಾರ್ಟಿಯಾಗಿ ಸೇರಿದರೆ, ನಾಯಕ ಬಟನ್ ಒತ್ತಿದ ಕೂಡಲೇ ಇಡೀ ಪಾರ್ಟಿ ಒಟ್ಟಿಗೆ ಎದುರಾಳಿಗಳನ್ನು ಹುಡುಕುತ್ತಿತ್ತು. ಆಟ ಮುಗಿದ ಮೇಲೂ ಪಾರ್ಟಿ ಒಡೆಯುತ್ತಿರಲಿಲ್ಲ. 1ರಿಂದ 50ರವರೆಗಿನ ರ‍್ಯಾಂಕ್ ಇತ್ತು. ಇಂದು ಎಲ್ಲ ಆಟಗಳಲ್ಲೂ ಇರುವ ಈ ಕ್ರಮ ಕನ್ಸೋಲಿನಲ್ಲಿ ಬೇರುಬಿಟ್ಟದ್ದು ಆಗಲೇ. 2010ರ ಏಪ್ರಿಲ್ 15ರಂದು ಮೂಲ ಎಕ್ಸ್‌ಬಾಕ್ಸ್ ಆಟಗಳ ಆನ್‌ಲೈನ್ ಸೇವೆ ನಿಂತಿತು. ಆಗಲೇ ಒಳಗಿದ್ದವರ ಸಂಪರ್ಕವನ್ನು ಮಾತ್ರ ಕೂಡಲೇ ಕತ್ತರಿಸಿರಲಿಲ್ಲ. ಅದನ್ನು ತಿಳಿದ ಬೆರಳೆಣಿಕೆಯ ಆಟಗಾರರು ಕನ್ಸೋಲ್ ಆರಿಸದೆ ಹೇಲೋ 2ರ ಲಾಬಿಯಲ್ಲೇ (ಆಟಕ್ಕೆ ಮುಂಚೆ ಆಟಗಾರರು ಸೇರುವ ಜಾಗ) ಉಳಿದರು. ಒಬ್ಬೊಬ್ಬರದಾಗಿ ಸಂಪರ್ಕ ತಪ್ಪುತ್ತ ಬಂದು ಕೊನೆಯ ಆಟಗಾರ ಹೊರಬಿದ್ದದ್ದು ಮೇ ತಿಂಗಳಲ್ಲಿ. ನಾಲ್ಕು ವರ್ಷದ ಮೇಲೆ ಬಂದ ಸಂಕಲನಕ್ಕೆ ಜನ ಯಾಕೆ ಅಷ್ಟು ಹಾತೊರೆದರು ಎಂದು ಅರ್ಥವಾಗಬೇಕಾದರೆ ಈ ಘಟನೆಯನ್ನು ನೆನಪಿನಲ್ಲಿಡಬೇಕು.

2007ರ ಸೆಪ್ಟೆಂಬರ್‌ನಲ್ಲಿ ಹೇಲೋ 3, 2012ರ ನವೆಂಬರ್‌ನಲ್ಲಿ ಹೇಲೋ 4. ಮೊದಲ ಮೂರನ್ನು ಮಾಡಿದ್ದು ಬಂಗೀ, ನಾಲ್ಕನೆಯದು 343 ಇಂಡಸ್ಟ್ರೀಸ್‌ದು.

2014ರ ಜೂನ್ 9ರಂದು ಲಾಸ್ ಏಂಜಲೀಸ್‌ನ ಇ3 ಮೇಳದ ವೇಳೆ ಸಂಕಲನದ ಘೋಷಣೆಯಾಯಿತು. ಎಕ್ಸ್‌ಬಾಕ್ಸ್ ಒನ್‌ಗಾಗಿ ನಾಲ್ಕೂ ಆಟಗಳು, ನೂರಕ್ಕೂ ಹೆಚ್ಚು ಮಲ್ಟಿಪ್ಲೇಯರ್ ಮ್ಯಾಪ್, ಸೆಕೆಂಡಿಗೆ 60 ಫ್ರೇಮ್, ಡೆಡಿಕೇಟೆಡ್ ಸರ್ವರ್ (ಆಟ ನಡೆಸಲೆಂದೇ ಮೀಸಲಾದ ಕಂಪ್ಯೂಟರ್). ಬೆಲೆ 60 ಡಾಲರ್. ಹೇಲೋ 2ರ ಹತ್ತನೇ ವರ್ಷಕ್ಕೆಂದು ಅದರ ಕಥಾಭಾಗಕ್ಕೆ ಹೊಸ ರೂಪ, ಆರು ಹಳೆಯ ಮ್ಯಾಪ್‌ಗಳಿಗೂ ಹೊಸ ರೂಪ. ಡೆಡಿಕೇಟೆಡ್ ಸರ್ವರ್ ಎಂಬ ಮಾತಿಗೆ ಹಳಬರು ಕೊಟ್ಟ ಬೆಲೆ ದೊಡ್ಡದು. ಹೇಲೋ 2 ಮತ್ತು 3ರಲ್ಲಿ ಆಟಗಾರರಲ್ಲೇ ಒಬ್ಬರ ಕನ್ಸೋಲ್ ಎಲ್ಲರ ಆಟವನ್ನು ನಡೆಸುವ ಹೋಸ್ಟ್ ಆಗುತ್ತಿತ್ತು. ಹೋಸ್ಟ್ ಆದವರ ಗುಂಡು ತಡವಿಲ್ಲದೆ ತಾಗುತ್ತಿತ್ತು, ಉಳಿದವರದು ತಡವಾಗುತ್ತಿತ್ತು. ಮೋಡೆಮ್ಮಿನ ಸ್ಟ್ಯಾಂಡ್‌ಬೈ ಗುಂಡಿ ಒತ್ತಿ ಎಲ್ಲರ ಸಂಪರ್ಕವನ್ನು ಕ್ಷಣಕಾಲ ನಿಲ್ಲಿಸಿ ಕೊಲ್ಲುವ ಮೋಸವೂ ಇತ್ತು. ಸರ್ವರ್ ಬಂದರೆ ಇದೆಲ್ಲ ತೊಲಗುತ್ತದೆ ಎಂಬುದು ಅವರ ನಂಬಿಕೆ, ಅದು ತಪ್ಪೂ ಆಗಿರಲಿಲ್ಲ.

ಭಾರತದಲ್ಲಿ ಎಕ್ಸ್‌ಬಾಕ್ಸ್ ಒನ್ ಮಾರಾಟ ಶುರುವಾದದ್ದು ಅದೇ ವರ್ಷದ ಸೆಪ್ಟೆಂಬರ್ 23ರಂದು. ಸಂಕಲನಕ್ಕೂ ಅದಕ್ಕೂ ಎರಡು ತಿಂಗಳ ಅಂತರವೂ ಇರಲಿಲ್ಲ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ಈ ಆಟಕ್ಕೆಂದೇ ಕನ್ಸೋಲ್ ಕೊಳ್ಳುವವರು ಮೊದಲು ಎಣಿಸಬೇಕಾಗಿದ್ದದ್ದು ಡೌನ್‌ಲೋಡ್ ಸಮಯವನ್ನು. ಡಿಸ್ಕಿನಲ್ಲಿ 45 ಜಿಬಿ ಇರುತ್ತದೆ, ಮೊದಲ ದಿನವೇ ಇನ್ನೂ 20 ಜಿಬಿ ಇಳಿಸಿಕೊಳ್ಳಬೇಕು, ಮಲ್ಟಿಪ್ಲೇಯರ್‌ನ ಭಾಗಗಳು ಅದರಲ್ಲಿವೆ ಎಂದು ಬಿಡುಗಡೆಗೆ ಮುಂಚೆಯೇ ತಿಳಿಸಲಾಗಿತ್ತು. 8 ಎಂಬಿಪಿಎಸ್ ಸಂಪರ್ಕದಲ್ಲಿ 20 ಜಿಬಿ ಇಳಿಯಲು ಐದೂವರೆ ಗಂಟೆ. ಆ ಕಾಲದ ಮನೆ ಬ್ರಾಡ್‌ಬ್ಯಾಂಡ್‌ನಲ್ಲಿ ಮಿತಿ ಮುಗಿದ ಮೇಲೆ ವೇಗ 512 ಕೆಬಿಪಿಎಸ್‌ಗೆ ಇಳಿಯುವುದು ಮಾಮೂಲು. ಆ ವೇಗದಲ್ಲಾದರೆ 87 ಗಂಟೆ, ಅಂದರೆ ಮೂರೂವರೆ ದಿನಕ್ಕಿಂತ ಹೆಚ್ಚು. ಸರ್ವರ್ ದೂರವೂ ಇತ್ತು. ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ನ ಡೇಟಾ ಸೆಂಟರ್‌ಗಳು ಭಾರತದಲ್ಲಿ ಆರಂಭವಾದದ್ದು 2015ರ ಸೆಪ್ಟೆಂಬರ್‌ನಲ್ಲಿ.

ಯಾರು ಯಾವುದಕ್ಕೆ ಕಾದಿದ್ದರು

ಅಭಿಮಾನಿಗಳನ್ನು ಒಂದೇ ಗುಂಪಾಗಿ ನೋಡಿದರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಕಥಾಭಾಗವನ್ನು ಮತ್ತೆ ಆಡಲು ಕಾದವರು ಒಂದು ಬಗೆ. ತಮ್ಮದೇ ಎಂಟು, ಹತ್ತು ಜನರ ಬಳಗವನ್ನು ಕಟ್ಟಿಕೊಂಡು ಕಸ್ಟಮ್ ಆಟ ಆಡಲು ಕಾದವರು ಇನ್ನೊಂದು ಬಗೆ. ಅಪರಿಚಿತ ಎದುರಾಳಿಗಳ ಜೊತೆ ರ‍್ಯಾಂಕ್‌ಗಾಗಿ ಸೆಣಸಲು ಕಾದವರು ಮೂರನೆಯವರು. ಹೇಲೋ 2ರ ಹೊಸ ರೂಪವಾದ ಹೇಲೋ 2 ಆನಿವರ್ಸರಿಯನ್ನೇ ಕಣವಾಗಿಸಿಕೊಂಡು ಹೇಲೋ ಚಾಂಪಿಯನ್‌ಶಿಪ್ ಸೀರೀಸ್ ಎಂಬ ಅಧಿಕೃತ ಸ್ಪರ್ಧೆಯೂ ಆ ನವೆಂಬರ್‌ನಲ್ಲೇ ಘೋಷಣೆಯಾದ್ದರಿಂದ ಈ ಮೂರನೆಯವರಿಗೆ ಅಭ್ಯಾಸದ ಆತುರವೂ ಇತ್ತು.

ಮೊದಲನೆಯವರಿಗೆ ಬೇಕಾದ್ದು ಡಿಸ್ಕ್ ಮತ್ತು ಕನ್ಸೋಲ್ ಮಾತ್ರ. ಎರಡನೆಯವರಿಗೆ ಪಾರ್ಟಿ ವ್ಯವಸ್ಥೆ ಗಟ್ಟಿಯಾಗಿರಬೇಕು. ಮೂರನೆಯವರಿಗೆ ಅದರ ಮೇಲೆ ಮ್ಯಾಚ್‌ಮೇಕಿಂಗ್, ರ‍್ಯಾಂಕ್, ಸಾಕಷ್ಟು ಜನ, ಹತ್ತಿರದ ಸರ್ವರ್ ಎಲ್ಲ ಬೇಕು. ಕೊಟ್ಟ ಬೆಲೆ ಮೂವರದೂ ಒಂದೇ. ಹೊತ್ತ ಅಪಾಯ ಒಂದೇ ಆಗಿರಲಿಲ್ಲ.

ಕಾಯುವ ಐದು ತಿಂಗಳಲ್ಲಿ ಹೊರಬಂದ ಮಾಹಿತಿ ಬಹುತೇಕ ಮೊದಲನೆಯವರ ಕಡೆಗಿತ್ತು: ಹೊಸ ದೃಶ್ಯಾವಳಿ, ಬಟನ್ ಒತ್ತಿ ಹಳೆ-ಹೊಸ ಚಿತ್ರ ಬದಲಾಯಿಸುವ ಸೌಲಭ್ಯ, ಮ್ಯಾಪ್‌ಗಳ ಪಟ್ಟಿ, 4,000 ಅಂಕಗಳ ಅಚೀವ್‌ಮೆಂಟ್‌ಗಳು. ಈ ಸಂಕಲನಕ್ಕೆ ಸಾರ್ವಜನಿಕ ಬೀಟಾ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷೆ, ನಡೆಯಲಿಲ್ಲ. ಪೊಟ್ಟಣದ ಜೊತೆ ಒಂದು ಬೀಟಾ ಸಿಗುವುದಿತ್ತು ನಿಜ, ಆದರೆ ಅದು ಮುಂದೆ ಬರಲಿದ್ದ ಹೇಲೋ 5ರದು. ಸಾವಿರಾರು ಜನ ಸೇರಿ ಒತ್ತಡ ಹಾಕಿ ನೋಡುವ ಪರೀಕ್ಷೆ ಮುಂದಿನ ಆಟಕ್ಕೆ ಇತ್ತು, ಕೊಳ್ಳುತ್ತಿದ್ದ ಆಟಕ್ಕೆ ಇರಲಿಲ್ಲ. ಇಡೀ ಪ್ರಕರಣದಲ್ಲಿ ಹೊರಗಿನವರ ಕಣ್ಣಿಗೆ ಮೊದಲೇ ಕಾಣಬಹುದಾಗಿದ್ದ ದೊಡ್ಡ ಸೂಚನೆ ಇದೇ.

ಸಮಸ್ಯೆ

ನವೆಂಬರ್ 11ರಂದು ಆಟ ಬಿಡುಗಡೆಯಾಯಿತು. ಕಥಾಭಾಗ ತೆರೆಯಿತು. ಮಲ್ಟಿಪ್ಲೇಯರ್‌ನಲ್ಲಿ ಹುಡುಕಾಟ ಶುರುಮಾಡಿದವರು ನಿಮಿಷಗಟ್ಟಲೆ ಕಾದರೂ ಆಟ ಸಿಗಲಿಲ್ಲ. ಸಿಕ್ಕರೂ ನಾಲ್ವರ ಎದುರು ಇಬ್ಬರು, ಮೂವರ ಎದುರು ಐವರು ಎಂಬಂತೆ ತಂಡಗಳು ಸೊಟ್ಟಗಾಗುತ್ತಿದ್ದವು. ಪಾರ್ಟಿಯಲ್ಲಿದ್ದ ಗೆಳೆಯರು ಬೇರೆ ಬೇರೆ ಕಡೆ ಚದುರುತ್ತಿದ್ದರು. ಒಂದು ಆಟ ಮುಗಿದು ಲಾಬಿಗೆ ಮರಳುವಾಗ ಮೆನು ಸಿಕ್ಕಿಬೀಳುತ್ತಿತ್ತು.

ಹೀಗಾಗಲು ಕಾರಣವೇನೆಂದು ತಿಳಿಯಲು, ಒಂದು ಆಟ ಶುರುವಾಗುವ ಮುಂಚೆ ಎಷ್ಟು ಕೈ ಬದಲಾಗುತ್ತದೆ ಎಂದು ನೋಡಬೇಕು. ಮೊದಲು ಪಾರ್ಟಿ ಕೂಡಬೇಕು. ಪಾರ್ಟಿಯ ಗಾತ್ರ, ಪ್ರದೇಶ, ಕೌಶಲ ನೋಡಿ ಮ್ಯಾಚ್‌ಮೇಕರ್ ಹೊಂದುವ ಪಾರ್ಟಿಗಳನ್ನು ಹೆಕ್ಕಬೇಕು. ಆಮೇಲೆ ಎಲ್ಲರ ಹೆಸರಿನಲ್ಲೂ ಒಂದು ಸೆಷನ್ ಕಾಯ್ದಿರಿಸಿ, ಡೇಟಾ ಸೆಂಟರಿನಲ್ಲಿ ಸರ್ವರ್ ಒಂದನ್ನು ಎಬ್ಬಿಸಿ, ಪ್ರತಿ ಕನ್ಸೋಲಿಗೂ ಅದರ ವಿಳಾಸ ಮುಟ್ಟಿಸಬೇಕು. ಸಾಮಾನ್ಯ ಆಟದಲ್ಲಿ ಕೆಲಸ ಇಲ್ಲಿಗೆ ಮುಗಿಯುತ್ತದೆ. ಸಂಕಲನದಲ್ಲಿ ಇನ್ನೊಂದು ಹೆಜ್ಜೆ ಇದೆ: ಒಟ್ಟಾರೆ ಮೆನುವಿನಿಂದ ಹೊರಬಂದು, ಆಯ್ಕೆಯಾದ ಆಟದ ಎಂಜಿನ್‌ಗೆ ಎಲ್ಲರೂ ಒಟ್ಟಿಗೆ ದಾಟಬೇಕು, ಆಟ ಮುಗಿದ ಮೇಲೆ ಒಟ್ಟಿಗೆ ಮರಳಬೇಕು. ಹೇಲೋ 2 ಆನಿವರ್ಸರಿಯನ್ನು ಬೇರೆಯಾಗಿ ಎಣಿಸಿದರೆ ಇಲ್ಲಿ ಐದು ಬಗೆಯ ಮಲ್ಟಿಪ್ಲೇಯರ್ ಇತ್ತು. ಬೇರೆ ಬೇರೆ ಕಾಲದಲ್ಲಿ, ಬೇರೆ ಯಂತ್ರಗಳಿಗೆ, ಬೇರೆ ನೆಟ್‌ವರ್ಕ್ ರೀತಿಗೆ ಬರೆದ ಕೋಡ್ ಅದು. ಹೋಸ್ಟ್ ಒಬ್ಬ ಆಟಗಾರನೇ ಎಂದು ನಂಬಿ ಬರೆದ ಆಟಗಳನ್ನೂ, ಇಂಟರ್ನೆಟ್ಟೇ ಇಲ್ಲ ಎಂದು ನಂಬಿ ಬರೆದ ಆಟವನ್ನೂ ಸರ್ವರ್ ಮೇಲೆ ಕೂರಿಸಿ ಒಂದೇ ಲಾಬಿಗೆ ಕಟ್ಟಿದ್ದರು.

ಇಲ್ಲಿ ಒಂದು ಸಣ್ಣ ಗಣಿತ ಬಹಳ ಬೆಳಕು ಚೆಲ್ಲುತ್ತದೆ. ಒಬ್ಬ ಆಟಗಾರ ಎಲ್ಲ ಹೆಜ್ಜೆ ದಾಟಿ ಸರಿಯಾಗಿ ಆಟಕ್ಕೆ ಸೇರುವ ಸಾಧ್ಯತೆ ನೂರಕ್ಕೆ 95 ಎಂದಿಟ್ಟುಕೊಳ್ಳಿ. ಒಬ್ಬರ ಮಟ್ಟಿಗೆ ಇದು ಚೆನ್ನಾಗಿಯೇ ಕಾಣುತ್ತದೆ. ನಾಲ್ವರಿಗೆ ನಾಲ್ವರ ಆಟದಲ್ಲಿ ಎಂಟೂ ಜನ ಸರಿಯಾಗಿ ಸೇರುವ ಸಾಧ್ಯತೆ 0.95ನ್ನು ಎಂಟು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ 66. ಹದಿನಾರು ಜನರ ಬಿಗ್ ಟೀಮ್ ಆಟದಲ್ಲಿ ನೂರಕ್ಕೆ 44. ಒಬ್ಬೊಬ್ಬರ ಯಶಸ್ಸು 90ಕ್ಕೆ ಇಳಿದರೆ ಎಂಟು ಜನರ ಆಟಕ್ಕೆ ಉಳಿಯುವುದು 43, ಹದಿನಾರರದಕ್ಕೆ ಬರೇ 18ರ ಆಸುಪಾಸು. ಪ್ರಯೋಗಾಲಯದಲ್ಲಿ ಎಲ್ಲ ಕನ್ಸೋಲ್‌ಗಳೂ ಒಂದೇ ಒಳ್ಳೆಯ ನೆಟ್‌ವರ್ಕ್ ಮೇಲಿದ್ದು ನೂರಕ್ಕೆ ನೂರು ಬರುತ್ತಿದ್ದರೆ ಈ ಕುಸಿತ ಕಣ್ಣಿಗೇ ಬೀಳುವುದಿಲ್ಲ. ಸ್ಟುಡಿಯೊದ ಹಿರಿಯರೊಬ್ಬರು ಕೆಲವು ವರ್ಷಗಳ ನಂತರ ಬಹಿರಂಗವಾಗಿ ಒಪ್ಪಿಕೊಂಡದ್ದೂ ಇದನ್ನೇ: ತಮ್ಮ ಪರೀಕ್ಷಾ ವ್ಯವಸ್ಥೆ ತಪ್ಪಾಗಿ ಆದರ್ಶ ಸ್ಥಿತಿಗೆ ಹೊಂದಿಸಿದಂತಿತ್ತು, ಮನೆಗಳಲ್ಲಿರುವ ನಿಜ ಪರಿಸ್ಥಿತಿಯನ್ನು ಅದು ತೋರಿಸಲಿಲ್ಲ ಎಂದು.

ಎರಡನೆಯ ತೊಡಕು ಜನ ಹಂಚಿಹೋಗುವುದು. ಹತ್ತು ಸಾವಿರ ಜನ ಆನ್‌ಲೈನ್ ಇದ್ದಾರೆ ಎಂದು ಕಲ್ಪಿಸಿಕೊಳ್ಳಿ. ಹೆಚ್ಚಿನವರು ಆಟದ ನಡುವೆ ಇರುತ್ತಾರೆ. ಯಾವುದೇ ಕ್ಷಣದಲ್ಲಿ ಹುಡುಕುತ್ತಿರುವವರು ಹತ್ತರಲ್ಲಿ ಒಬ್ಬರಾದರೆ ಸಾವಿರ ಜನ. ಐದು ಭೂಪ್ರದೇಶಗಳಿಗೆ ಹಂಚಿದರೆ ತಲಾ 200. ಹತ್ತು ಪ್ಲೇಲಿಸ್ಟ್‌ಗಳಿಗೆ (ಆಟದ ಬಗೆಗಳ ಪಟ್ಟಿ) ಹಂಚಿದರೆ 20. ಅದರಲ್ಲಿ ಕೌಶಲ ಹೊಂದುವವರನ್ನು ಮಾತ್ರ ತೆಗೆದುಕೊಂಡರೆ ಎಂಟು ಜನ ಸಿಗುವುದೇ ಅನುಮಾನ. ಪಾರ್ಟಿಗಳಿದ್ದರೆ ಇನ್ನೂ ಬಿಗಿ. ಮದುವೆ ಊಟದ ಪಂಕ್ತಿಯಲ್ಲಿ ಎಂಟು ಎಲೆ ಹಾಕಿ, ಮೂರು ಮೂರು ಜನರ ಎರಡು ಕುಟುಂಬ ಒಡೆಯದೆ ಎದುರುಬದುರು ಕೂರಬೇಕು ಎಂದರೆ ಒಂಟಿಯಾಗಿ ಬಂದ ಇಬ್ಬರು ಸಿಗುವವರೆಗೆ ಬಡಿಸುವುದು ಶುರುವಾಗದಲ್ಲ, ಹಾಗೆ. ಮೂರು ಜನರ ಪಾರ್ಟಿ ಎಲ್ಲ ಮ್ಯಾಚ್‌ಮೇಕಿಂಗ್‌ಗೂ ಕಷ್ಟದ ತುತ್ತು. ಸಂಕಲನವಾದರೆ ಆಟಗಳ ಆಯ್ಕೆಯೂ ಒಂದು ಗೋಡೆ: ಹೇಲೋ 3 ಬೇಕೆನ್ನುವವರು ಹೇಲೋ 4 ಬೇಕೆನ್ನುವವರಿಗೆ ಎದುರಾಳಿಗಳಾಗಲಾರರು.

ಏನೇನು ಪ್ರಯತ್ನಿಸಿದರು

ಆಟಗಾರರು ಮೊದಲು ತಮ್ಮ ಕಡೆಯೇ ದೋಷ ಇದೆಯೆಂದು ಹುಡುಕಿದರು. ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದು ಕನ್ಸೋಲ್ ಪೂರ್ತಿ ಆರಿಸುವುದು, ಆಟ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವುದು, ರೌಟರಿನಲ್ಲಿ ಯುಪಿಎನ್‌ಪಿ ಹಾಕುವುದು ಅಥವಾ 3074ನೇ ಪೋರ್ಟ್ ತೆರೆದು ಎನ್‌ಎಟಿಯನ್ನು (ಹೊರಗಿನ ಸಂಪರ್ಕಗಳನ್ನು ರೌಟರ್ ಒಳಬಿಡುವ ಬಗೆ) 'ಓಪನ್' ಸ್ಥಿತಿಗೆ ತರುವುದು. ಎನ್‌ಎಟಿ 'ಸ್ಟ್ರಿಕ್ಟ್' ಆಗಿದ್ದವರಿಗೆ ಕೊನೆಯದರಿಂದ ಪಾರ್ಟಿಯ ಮಾತುಕತೆಗಾದರೂ ಅನುಕೂಲ. ಮ್ಯಾಚ್‌ಮೇಕಿಂಗ್ ಇದರಿಂದ ಸರಿಯಾಗುವಂತಿರಲಿಲ್ಲ, ದೋಷ ಇದ್ದದ್ದು ಮನೆಯ ಹೊರಗೆ. ಮತ್ತೆ ಇನ್‌ಸ್ಟಾಲ್ ಮಾಡಿದ್ದಂತೂ ನಷ್ಟದ ತೀರ್ಮಾನ: 60 ಜಿಬಿ ದಾಟಿದ ಆಟವನ್ನು ಇಳಿಸಿ, ಡೇಟಾ ಮಿತಿ ಕಳೆದುಕೊಂಡು, ಅದೇ ಸ್ಥಿತಿಗೆ ಮರಳುವುದು. ತಮ್ಮ ಊರಿನವರಿಗೆ ಮಾತ್ರವೋ ಎಲ್ಲರಿಗೂ ಹೀಗೆಯೋ ಎಂದು ಮೊದಲು ನೋಡಿ, ಎಲ್ಲರಿಗೂ ಎಂದಾದರೆ ಮನೆಯ ಉಪಕರಣ ಮುಟ್ಟದೆ ಇರುವುದೇ ಸರಿಯಾದ ಕ್ರಮವಾಗಿತ್ತು.

ಬಳಗವಿದ್ದವರು ಕಸ್ಟಮ್ ಆಟಕ್ಕೆ ಹೊರಳಿದರು. ಅದರಲ್ಲಿ ಅಪರಿಚಿತರನ್ನು ಹುಡುಕುವ ಹೆಜ್ಜೆಯೇ ಇಲ್ಲವಾದ್ದರಿಂದ ಮುರಿಯುವ ಜಾಗಗಳು ಕಡಿಮೆ. ಒಬ್ಬೊಬ್ಬರನ್ನೇ ಕರೆದು, ಒಬ್ಬರು ಬಂದು ನಿಂತ ಮೇಲೆ ಇನ್ನೊಬ್ಬರನ್ನು ಕರೆಯುವುದು, ಒಟ್ಟಿಗೆ ಎಲ್ಲರಿಗೂ ಆಹ್ವಾನ ಕಳಿಸುವುದಕ್ಕಿಂತ ಮೇಲು. ಒಂದೇ ಮನೆಯಲ್ಲಿ ಸ್ಪ್ಲಿಟ್ ಸ್ಕ್ರೀನ್ ಆಡಿದವರಿಗೆ ಈ ಗೋಳೇ ಇರಲಿಲ್ಲ.

ಸ್ಟುಡಿಯೊ ನವೆಂಬರ್ ಉದ್ದಕ್ಕೂ ಒಂದಾದ ಮೇಲೊಂದು ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್) ಬಿಟ್ಟಿತು, ಸರ್ವರ್ ಕಡೆಯಲ್ಲೂ ತಿದ್ದಿತು. ನವೆಂಬರ್ 24ರಂದು, ಬಿಡುಗಡೆಯಾಗಿ ಹದಿಮೂರು ದಿನದ ಮೇಲೆ, ಸ್ಟುಡಿಯೊ ಮುಖ್ಯಸ್ಥೆ ಬಹಿರಂಗ ಪತ್ರದಲ್ಲಿ ಕ್ಷಮೆ ಕೇಳಿದರು. ಡಿಸೆಂಬರ್ 19ರಂದು ಪರಿಹಾರ ಘೋಷಣೆಯಾಯಿತು: ಬಿಡುಗಡೆಯಿಂದ ಅಂದಿನವರೆಗೆ ಆನ್‌ಲೈನ್ ಆಡಿದವರಿಗೆಲ್ಲ ಒಂದು ತಿಂಗಳ ಎಕ್ಸ್‌ಬಾಕ್ಸ್ ಲೈವ್ ಗೋಲ್ಡ್, ಸರಣಿಯ ಇನ್ನೊಂದು ಆಟವಾದ ಹೇಲೋ 3: ಓಡಿಎಸ್‌ಟಿಯ ಕಥಾಭಾಗ ಉಚಿತ. ಹೇಲೋ 2ರ ರೆಲಿಕ್ ಮ್ಯಾಪ್‌ನ ಹೊಸ ರೂಪವೂ ಬರುತ್ತದೆ ಎಂದಿತ್ತು. ಓಡಿಎಸ್‌ಟಿ ಮತ್ತು ರೆಲಿಕ್ ಕೈಸೇರಿದ್ದು 2015ರ ಮೇ 30ರ ವೇಳೆಗೆ.

ಈ ಪರಿಹಾರವನ್ನು ಸ್ವಲ್ಪ ತಡೆದು ನೋಡಬೇಕು. ಕೆಟ್ಟದ್ದು ಮಲ್ಟಿಪ್ಲೇಯರ್, ಕೊಟ್ಟದ್ದು ಕಥಾಭಾಗ. ಓಡಿಎಸ್‌ಟಿ 2009ರಲ್ಲಿ ಬಂದಾಗ ಅದರಲ್ಲಿ ಫೈರ್‌ಫೈಟ್ ಎಂಬ, ಗೆಳೆಯರು ಸೇರಿ ಅಲೆಅಲೆಯಾಗಿ ಬರುವ ಶತ್ರುಗಳನ್ನು ತಡೆಯುವ ವಿಭಾಗ ಇತ್ತು. ಉಚಿತವಾಗಿ ಬಂದದ್ದರಲ್ಲಿ ಅದು ಇರಲಿಲ್ಲ. ಆಟಗಾರರನ್ನು ಒಟ್ಟಿಗೆ ಆಡಿಸುವ ಭಾಗವೇ ಮತ್ತೆ ಕೈಬಿಟ್ಟುಹೋಯಿತು. ಕೊಟ್ಟವರ ಉದ್ದೇಶ ಒಳ್ಳೆಯದೇ, ಓಡಿಎಸ್‌ಟಿ ಒಳ್ಳೆಯ ಆಟವೂ ಹೌದು. ಆದರೆ ಮೂರನೆಯ ಬಗೆಯ ಅಭಿಮಾನಿಗೆ ಅದರಿಂದ ತುಂಬಿದ್ದು ಏನೂ ಇಲ್ಲ.

ತಿರುವು

ಪ್ಯಾಚ್‌ಗಳಿಂದ ಆಟ ನಿಧಾನವಾಗಿ ಸುಧಾರಿಸಿತು. ಜನ ಮಾತ್ರ ಅಷ್ಟರಲ್ಲಿ ಚದುರಿದ್ದರು. ಮಲ್ಟಿಪ್ಲೇಯರ್ ಸಂಕಲನದ ಕೇಡು ಹೀಗೆಯೇ ಬೆಳೆಯುವುದು. ಕಥೆಯ ಆಟದಲ್ಲಿ ದೋಷವಿದ್ದರೆ ಆರು ತಿಂಗಳ ಮೇಲೆ ಸರಿಯಾದಾಗ ಆಡಿದರೂ ಅಷ್ಟೇ ಸುಖ. ಇಲ್ಲಿ ದೋಷ ಜನರನ್ನು ಓಡಿಸುತ್ತದೆ. ಜನ ಕಡಿಮೆಯಾದರೆ, ಕೋಡ್ ಪೂರ್ತಿ ಸರಿಯಾದ ಮೇಲೂ ಹುಡುಕಾಟ ನಿಧಾನ. ನಿಧಾನವಾದರೆ ಉಳಿದವರೂ ಹೊರಡುತ್ತಾರೆ. ರಜೆ ಹಾಕಿ, ವರ್ಷಗಳ ಮೇಲೆ ಹಳೆಯ ಗೆಳೆಯರನ್ನು ಒಂದೇ ವಾರಕ್ಕೆ ಹೊಂದಿಸಿಕೊಂಡ ಬಳಗಕ್ಕೆ ಆ ವಾರ ಮತ್ತೆ ಸಿಗುವುದಿಲ್ಲ. 2015ರ ಅಕ್ಟೋಬರ್ 27ರಂದು ಹೇಲೋ 5 ಬಂದು ಉಳಿದವರಲ್ಲೂ ಅನೇಕರನ್ನು ಸೆಳೆಯಿತು.

ನಿಜವಾದ ತಿರುವು 2018ರದು. ಸಂಕಲನವನ್ನು ಬಿಟ್ಟುಬಿಡಬಹುದಿತ್ತು, ಹಣ ಅಷ್ಟರಲ್ಲಿ ಬಂದಾಗಿತ್ತು. ಸ್ಟುಡಿಯೊ ಮರಳಿ ಕೈಹಾಕಿತು, ಈ ಸಲ ಬೇರೆ ಕ್ರಮದಲ್ಲಿ. ಹೊಸ ಆವೃತ್ತಿಯನ್ನು ಮೊದಲು ಸ್ವಯಂಪ್ರೇರಿತ ಆಟಗಾರರ ಕೈಗೆ ಕೊಟ್ಟು, ನಿಜವಾದ ಮನೆಗಳ ನಿಜವಾದ ಸಂಪರ್ಕಗಳ ಮೇಲೆ ಆಡಿಸಿ, ತಿದ್ದಿ, ಮತ್ತೆ ಆಡಿಸಿದರು. ಎಲ್ಲರಿಗೂ ಬಿಟ್ಟದ್ದು ಆಗಸ್ಟ್ 27ರಂದು. ಮ್ಯಾಚ್‌ಮೇಕಿಂಗ್ ಹೊಸದಾಗಿ ಕಟ್ಟಿದ್ದಾಗಿತ್ತು. ಇಂಟರ್ನೆಟ್ ಇಲ್ಲದೆ ಲ್ಯಾನ್ ಮೇಲೆ ಆಡುವ ಸೌಲಭ್ಯ ಬಂತು. ಬೇಕಾದ ಆಟವನ್ನಷ್ಟೇ ಇನ್‌ಸ್ಟಾಲ್ ಮಾಡುವ ಆಯ್ಕೆ ಬಂತು. ಡೇಟಾ ಮಿತಿಯಿದ್ದವರಿಗೆ ಇದು ಚಿಕ್ಕ ವಿಷಯವಲ್ಲ. ಸೆಪ್ಟೆಂಬರ್ 1ರಿಂದ ಮೈಕ್ರೋಸಾಫ್ಟ್‌ನ ಚಂದಾ ಸೇವೆಯಾದ ಗೇಮ್ ಪಾಸ್‌ನಲ್ಲಿ ಸೇರಿಸಿದರು. ತಿಂಗಳ ಚಂದಾದಾರರೆಲ್ಲ ಒಮ್ಮೆಲೇ ಆಡಬಹುದಾಯಿತು, ಅಂದರೆ ಕೋಡ್ ಸರಿಮಾಡಿದ ವಾರದಲ್ಲೇ ಜನರನ್ನೂ ಮರಳಿ ತುಂಬಿಸುವ ದಾರಿ ಮಾಡಿದರು. ಎರಡರಲ್ಲಿ ಒಂದನ್ನು ಮಾತ್ರ ಮಾಡಿದ್ದರೆ ಫಲ ಸಿಗುವುದು ಕಷ್ಟವಿತ್ತು.

2019ರ ಮಾರ್ಚ್‌ನಲ್ಲಿ ಪಿಸಿ ಆವೃತ್ತಿ ಘೋಷಿಸಿದಾಗ ಎಲ್ಲವನ್ನೂ ಒಂದೇ ದಿನ ಬಿಡುವ ಹಟ ಮಾಡಲಿಲ್ಲ. ಒಂದೊಂದೇ ಆಟ, ಪ್ರತಿಯೊಂದಕ್ಕೂ ಮುಂಚೆ ಸಾರ್ವಜನಿಕ ಪರೀಕ್ಷೆ. ಸಂಕಲನಕ್ಕೆ ಹೊಸದಾಗಿ ಸೇರಿದ ಹೇಲೋ: ರೀಚ್ 2019ರ ಡಿಸೆಂಬರ್ 3ರಂದು, ಮೊದಲ ಹೇಲೋ 2020ರ ಮಾರ್ಚ್ 3ರಂದು, ಹೇಲೋ 2 ಮೇ 12ರಂದು, ಹೇಲೋ 3 ಜುಲೈ 14ರಂದು, ಓಡಿಎಸ್‌ಟಿ ಸೆಪ್ಟೆಂಬರ್ 22ರಂದು, ಹೇಲೋ 4 ನವೆಂಬರ್ 17ರಂದು. ಬಿಟ್ಟುಹೋಗಿದ್ದ ಫೈರ್‌ಫೈಟ್ ಓಡಿಎಸ್‌ಟಿಗೆ ಮರಳಿದ್ದು ಆ ಸೆಪ್ಟೆಂಬರ್‌ನಲ್ಲೇ. ರೀಚ್ ಬಂದ ದಿನ ಪಿಸಿ ಆಟಗಳ ಮಳಿಗೆಯಾದ ಸ್ಟೀಮ್ ಒಂದರಲ್ಲೇ ಒಂದೇ ಹೊತ್ತಿಗೆ 1.6 ಲಕ್ಷಕ್ಕೂ ಹೆಚ್ಚು ಜನ ಆಡಿದರು. ಆ ಆವೃತ್ತಿಯೂ ದೋಷವಿಲ್ಲದ್ದೇನಲ್ಲ; ಅದರ ಶಬ್ದ ಮಂಕಾಗಿತ್ತು. ಆದರೆ ಶಬ್ದದ ತೊಂದರೆ ಇದೆ, ಸರಿಮಾಡಲು ಸಮಯ ಹಿಡಿಯುತ್ತದೆ ಎಂದು ಬಿಡುಗಡೆಗೆ ಮುಂಚೆಯೇ ಹೇಳಿದ್ದರು. ಬೇಕಾದವರು ಕೊಂಡರು, ಕಾಯುವವರು ಕಾದರು.

ಇನ್ನೆರಡು ತೀರ್ಮಾನಗಳು ಜನ ಹಂಚಿಹೋಗುವ ತೊಡಕಿಗೆ ನೇರವಾಗಿ ಕೈಹಾಕಿದವು. ಒಂದು, ಪ್ಲೇಲಿಸ್ಟ್ ಆಯ್ಕೆಯ ಬದಲು ಆಟಗಾರನೇ ತನಗೆ ಒಗ್ಗುವ ಆಟಗಳನ್ನು, ಮೋಡ್‌ಗಳನ್ನು, ತಂಡದ ಗಾತ್ರವನ್ನು ಟಿಕ್ ಮಾಡಿ ಹುಡುಕುವ ವ್ಯವಸ್ಥೆ. ಹೆಚ್ಚು ಟಿಕ್ ಮಾಡಿದಷ್ಟೂ ಬೇಗ ಆಟ ಸಿಗುತ್ತದೆ. ಕಾಯುವ ಹೊತ್ತನ್ನು ನಿರ್ಧರಿಸುವ ಕೀಲಿ ಆಟಗಾರನ ಕೈಗೇ ಬಂತು. ಎರಡು, 2020ರ ನವೆಂಬರ್ 17ರಿಂದ ಎಕ್ಸ್‌ಬಾಕ್ಸ್ ಮತ್ತು ಪಿಸಿ ಆಟಗಾರರ ನಡುವೆ ಕ್ರಾಸ್‌ಪ್ಲೇ.

ಮುಂದಿನ ಸಂಕಲನಕ್ಕೆ ಕಾಯುವವರಿಗೆ

ಮೊದಲ ಕೆಲಸ, ತಾನು ಮೂರರಲ್ಲಿ ಯಾವ ಬಗೆಯವನು ಎಂದು ನೋಡಿಕೊಳ್ಳುವುದು. ಕಥಾಭಾಗಕ್ಕಾಗಿ, ಮನೆಯೊಳಗಿನ ಸ್ಪ್ಲಿಟ್ ಸ್ಕ್ರೀನ್‌ಗಾಗಿ ಕಾಯುತ್ತಿದ್ದರೆ ಮೊದಲ ದಿನವೇ ಕೊಂಡರೆ ಅಡ್ಡಿಯಿಲ್ಲ. ಬಳಗದ ಜೊತೆ ಆಡುವುದಿದ್ದರೆ ಬಳಗದಲ್ಲಿ ಇಬ್ಬರು ಮಾತ್ರ ಮೊದಲು ಕೊಂಡು ಪಾರ್ಟಿ, ಕಸ್ಟಮ್ ಆಟ ಪರೀಕ್ಷಿಸಲಿ. ಉಳಿದವರು ಅವರ ಮಾತು ಕೇಳಿ ಕೊಳ್ಳಲಿ. ರ‍್ಯಾಂಕ್‌ಗಾಗಿ ಆಡುವವರದು ನಿಜಕ್ಕೂ ಇಕ್ಕಟ್ಟು: ಮೊದಲ ವಾರದಲ್ಲೇ ಜನ ಹೆಚ್ಚು, ಅಪಾಯವೂ ಆಗಲೇ ಹೆಚ್ಚು.

ಮುಂಗಡ ಕೊಡುವ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಇದೇ ಆಟಕ್ಕೆ, ಇದೇ ಆವೃತ್ತಿಗೆ ಸಾರ್ವಜನಿಕ ಪರೀಕ್ಷೆ ನಡೆದಿದೆಯೇ? ಬಿಡುಗಡೆಗೆ ಮುಂಚಿನ ವಿಮರ್ಶೆ ಇದಕ್ಕೆ ಬದಲಿಯಾಗದು. ವಿಮರ್ಶಕರು ಆಡುವಾಗ ಜನಜಂಗುಳಿ ಇರುವುದಿಲ್ಲ. ಸರ್ವರ್‌ಗಳು ಯಾವ ಊರಿನಲ್ಲಿವೆ? ಕರ್ನಾಟಕದಿಂದ ಆಡುವವರಿಗೆ ಮುಂಬೈ, ಪುಣೆ, ಚೆನ್ನೈ ಇದ್ದರೆ ಉತ್ತಮ, ಸಿಂಗಪುರವಾದರೂ ನಡೆಯುತ್ತದೆ, ಯುರೋಪ್ ಮಾತ್ರ ಎಂದಾದರೆ ಶೂಟಿಂಗ್ ಆಟಕ್ಕೆ ಕಷ್ಟ. ಇಂಟರ್ನೆಟ್ ಇಲ್ಲದೆ ಲ್ಯಾನ್ ಓಡುತ್ತದೆಯೇ? ಸಂಕಲನದ ಮುಪ್ಪಿನ ಕಾಲದಲ್ಲಿ ಉಳಿಯುವುದು ಅದೊಂದೇ. ಬೇರೆ ಬೇರೆ ಯಂತ್ರಗಳವರು ಒಟ್ಟಿಗೆ ಆಡಬಹುದೇ? ಇಲ್ಲವಾದರೆ ಬಳಗ ಮೊದಲು ಯಾವ ಯಂತ್ರ ಎಂದು ಒಪ್ಪಂದಕ್ಕೆ ಬರಬೇಕು. ಹಣ ವಾಪಸ್ ಬರುತ್ತದೆಯೇ? 2014ರಲ್ಲಿ ಎಕ್ಸ್‌ಬಾಕ್ಸ್‌ನ ಡಿಜಿಟಲ್ ಖರೀದಿಗೆ ತಾನಾಗಿಯೇ ಹಣ ಮರಳಿ ಪಡೆಯುವ ದಾರಿ ಇರಲಿಲ್ಲ, ಡಿಸ್ಕ್ ಕೊಂಡವರು ಮರುಮಾರಾಟವನ್ನಾದರೂ ಮಾಡಬಹುದಿತ್ತು. ಸ್ಟೀಮ್‌ನಲ್ಲಿ ಈಗ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸ್ ಕೇಳಬಹುದು. ಲಾಬಿಯಲ್ಲಿ ಸುಮ್ಮನೆ ಕಾದ ಹೊತ್ತೂ ಆ ಎರಡು ಗಂಟೆಗೆ ಸೇರುತ್ತದೆ. ಆದ್ದರಿಂದ ಮಲ್ಟಿಪ್ಲೇಯರ್‌ಗಾಗಿ ಕೊಂಡವರು ಮೊದಲು ಅದನ್ನೇ ತೆರೆಯಬೇಕು, ಕಥಾಭಾಗವನ್ನಲ್ಲ. ತೊಂಬತ್ತು ನಿಮಿಷದ ಒಳಗೆ ತೀರ್ಮಾನ ಮಾಡಬೇಕು.

ಟೂರ್ನಮೆಂಟ್ ಏರ್ಪಡಿಸುವವರು ಬಿಡುಗಡೆಯ ವಾರವನ್ನು ಬಿಟ್ಟುಬಿಡಲಿ. ಮೊದಲ ಎರಡು ದೊಡ್ಡ ಪ್ಯಾಚ್ ಬಂದ ಮೇಲೆ ದಿನಾಂಕ ಇಡಬೇಕು. ಮ್ಯಾಚ್‌ಮೇಕಿಂಗ್ ನೆಚ್ಚದೆ ಕಸ್ಟಮ್ ಲಾಬಿಯಲ್ಲೇ ಎಲ್ಲ ಸುತ್ತು ನಡೆಸುವಂತೆ ನಿಯಮ ಬರೆಯಬೇಕು. ಆಟದ ಮಧ್ಯೆ ಯಾರಾದರೂ ಹೊರಬಿದ್ದರೆ ಎಷ್ಟನೇ ನಿಮಿಷದವರೆಗೆ ಮರು-ಆಟ, ಆಮೇಲೆ ಅಂಕ ಹೇಗೆ ಎಂಬುದು ಮೊದಲೇ ಬರಹದಲ್ಲಿರಲಿ.

ಎಂಟು ಜನರ ಮೊದಲ ರಾತ್ರಿಗೆ ಬಳಗ ಇಟ್ಟುಕೊಳ್ಳಬಹುದಾದ ಕ್ರಮ ಇಷ್ಟು. ಎರಡು ದಿನ ಮುಂಚೆ ಪ್ರೀ-ಲೋಡ್ ಮುಗಿಸಿ, ಬಿಡುಗಡೆಯ ದಿನದ ಪ್ಯಾಚ್‌ಗೆ ಡೇಟಾ ಉಳಿಸಿಡುವುದು. ಸಾಧ್ಯವಿದ್ದವರೆಲ್ಲ ವೈಫೈ ಬಿಟ್ಟು ಕೇಬಲ್ ಹಾಕುವುದು. ಎಲ್ಲರ ಎನ್‌ಎಟಿ ಸ್ಥಿತಿಯನ್ನು ಹಿಂದಿನ ದಿನವೇ ನೋಡಿಕೊಂಡು, 'ಓಪನ್' ಇರುವವರನ್ನು ಪಾರ್ಟಿ ನಾಯಕರನ್ನಾಗಿ ಮಾಡುವುದು. ಮಾತುಕತೆಗೆ ಆಟದ ಪಾರ್ಟಿಯನ್ನು ನೆಚ್ಚದೆ ಫೋನಿನಲ್ಲಿ ಬೇರೆ ಕರೆ ಇಟ್ಟುಕೊಳ್ಳುವುದು, ಲಾಬಿ ಒಡೆದರೂ ಜನ ಒಡೆಯದಿರಲು. ಮ್ಯಾಚ್‌ಮೇಕಿಂಗ್‌ಗೆ ಎರಡು ಪ್ರಯತ್ನ, ತಲಾ ಹತ್ತು ನಿಮಿಷ; ಎರಡೂ ಕೈಕೊಟ್ಟರೆ ನಾಲ್ವರಿಗೆ ನಾಲ್ವರ ಕಸ್ಟಮ್ ಆಟ; ಅದೂ ನಿಲ್ಲದಿದ್ದರೆ ಇಬ್ಬಿಬ್ಬರಾಗಿ ಕಥಾಭಾಗದ ಕೋ-ಆಪ್ (ಜೊತೆಗೂಡಿ ಆಡುವುದು), ನಾಲ್ಕೂ ಜೋಡಿ ಒಂದೇ ಹಂತವನ್ನು ಒಂದೇ ಹೊತ್ತಿಗೆ ಶುರುಮಾಡಿ ಯಾರು ಬೇಗ ಮುಗಿಸುತ್ತಾರೆಂದು ಫೋನ್ ಕರೆಯಲ್ಲೇ ಸ್ಪರ್ಧೆ.